ಮಂಡಿ ನೋವಿನ ಅಮ್ಮ, ಇಬ್ಬರು ಮಕ್ಕಳು, ಒಂದು ಭಾನುವಾರ: ರಂಗನತಿಟ್ಟೋ, ಕೊಕ್ಕರೆ ಬೆಳ್ಳೂರೋ?

ಇಬ್ಬರ ಅಪ್ಪ
ನಮಸ್ಕಾರ. ಫೆಬ್ರವರಿ ಕೊನೆಯ ಭಾನುವಾರ ಮನೆಯವರನ್ನೆಲ್ಲ ಕರೆದುಕೊಂಡು ಎಲ್ಲಾದರೂ ಹೋಗಿ ಬರೋಣ ಅಂತಿದ್ದೇನೆ. ಮನೆ ಬೆಂಗಳೂರಿನ ವಿಜಯನಗರ. ಕಾರಿದೆ. ಅಮ್ಮನಿಗೆ ಮಂಡಿ ನೋವು. ಮೆಟ್ಟಿಲು ಹತ್ತಲು ಆಗುವುದಿಲ್ಲ, ಸಮ ದಾರಿಯಾದರೆ ಅರ್ಧ ಗಂಟೆ ಆರಾಮಾಗಿ ನಡೆಯುತ್ತಾರೆ. ಮಗಳಿಗೆ 9 ವರ್ಷ, ಮಗನಿಗೆ 4. ಮಾಲ್ ಸುತ್ತಿ ಸಾಕಾಗಿದೆ. ರೆಸಾರ್ಟಿಗೆ ಕೊಡುವಷ್ಟು ದುಡ್ಡೂ ಇಲ್ಲ, ಮನಸ್ಸೂ ಇಲ್ಲ.

ನನ್ನ ಪ್ಲಾನ್ ಹೀಗಿದೆ. ದಾರಿಯಲ್ಲಿ ಕೊಕ್ಕರೆ ಬೆಳ್ಳೂರಿಗೆ ಒಂದು ಸುತ್ತು, ಆಮೇಲೆ ರಂಗನತಿಟ್ಟಿನಲ್ಲಿ ದೋಣಿ, ಬಲಮುರಿಯಲ್ಲಿ ನೀರಾಟ ಮತ್ತು ಊಟ, ಮಧ್ಯಾಹ್ನ ಮೈಸೂರು ಝೂ, ಸಂಜೆ ಬೃಂದಾವನದ ಕಾರಂಜಿ ನೋಡಿಕೊಂಡು ರಾತ್ರಿ ವಾಪಸ್. ಹೆಂಡತಿ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದಳು: "ನಾನು ಮನೆಯಲ್ಲೇ ಇರ್ತೀನಿ, ನೀವು ಹೋಗಿ ಬನ್ನಿ." ಹೋಗಿ ಬಂದವರು ಏನಂತೀರಿ?

ಮಂಡ್ಯದೋಳು
ನಿಮ್ಮ ಮನೆಯವರ ಪಕ್ಷಕ್ಕೆ ನನ್ನದೂ ಒಂದು ಓಟು ಸರ್.

ಐದು ಜಾಗ, ಒಂದು ದಿನ, ನಾಲ್ಕು ವರ್ಷದ ಮಗು, ಮಂಡಿ ನೋವಿನ ಅಮ್ಮ. ಬೃಂದಾವನದಿಂದ ಹೊರಗೆ ಬರುವಾಗ ಎಂಟು ಗಂಟೆ ದಾಟಿರುತ್ತದೆ. ಭಾನುವಾರ ರಾತ್ರಿ ಮೈಸೂರು ಕಡೆಯಿಂದ ಬೆಂಗಳೂರಿಗೆ ಬರುವ ಕಾರುಗಳೆಲ್ಲ ಕೆಂಗೇರಿ ಹತ್ತಿರ ಸಾಲಾಗಿ ನಿಂತಿರುತ್ತವೆ. ಹಿಂದಿನ ಸೀಟಿನಲ್ಲಿ ಅಮ್ಮ ಕಾಲು ಚಾಚಲು ಜಾಗ ಇಲ್ಲದೆ ಕೂತಿರುತ್ತಾರೆ. ಅದು ಬೇಕಾ?

ಝೂ ತೆಗೆದುಹಾಕಿ. ಅದೊಂದೇ ಅರ್ಧ ದಿನಕ್ಕಿಂತ ಜಾಸ್ತಿ ಕೇಳುತ್ತದೆ. ಬಲಮುರಿ ಬೇಡವೇ ಬೇಡ, ಯಾಕೆ ಅಂತ ಬೇರೆಯವರು ಹೇಳುತ್ತಾರೆ. ಬೃಂದಾವನ ಎಲ್ಲಿಗೂ ಓಡಿಹೋಗುವುದಿಲ್ಲ. ಉಳಿದದ್ದು ಎರಡು. ಅವೆರಡೂ ಈ ತಿಂಗಳಲ್ಲಿ ನೋಡಬೇಕಾದವೇ.

ವೀಕೆಂಡ್ ಸವಾರ
ಎಲ್ಲರೂ ಹೀಗೇ ಹೇಳ್ತಾರೆ. ಅಷ್ಟು ದೂರ ಡೀಸೆಲ್ ಸುಟ್ಟು, ಟೋಲ್ ಕಟ್ಟಿ, ಎರಡು ಹಕ್ಕಿ ನೋಡಿ ವಾಪಸ್ ಬರೋದಾ? ಮಕ್ಕಳಿಗೆ ರಜೆ ಸಿಗೋದೇ ಅಪರೂಪ. ನಾವು ಚಿಕ್ಕವರಿದ್ದಾಗ ಶಾಲೆ ಪ್ರವಾಸದಲ್ಲಿ ಒಂದೇ ದಿನ ಶ್ರೀರಂಗಪಟ್ಟಣ, ಮೈಸೂರು ಅರಮನೆ, ಚಾಮುಂಡಿ ಬೆಟ್ಟ, ಬೃಂದಾವನ ಎಲ್ಲ ನೋಡಿ ಬರ್ತಿರಲಿಲ್ವಾ? ಚೆನ್ನಾಗೇ ಇತ್ತು.

ಮಂಡ್ಯದೋಳು
ಆ ಪ್ರವಾಸದಲ್ಲಿ ಅರಮನೆ ಒಳಗೆ ಏನು ನೋಡಿದಿರಿ, ನೆನಪಿದೆಯಾ? ನನಗೆ ನೆನಪಿರುವುದು ಬಸ್ಸಿನಲ್ಲಿ ಆಡಿದ ಅಂತ್ಯಾಕ್ಷರಿ ಮಾತ್ರ 😄

ವೀಕೆಂಡ್ ಸವಾರ
ಅದೂ ನೆನಪೇ ಅಲ್ವಾ ಅಕ್ಕಾ 😄

ಹಕ್ಕಿ ಹುಚ್ಚ
ಇಲ್ಲಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಚಿಕ್ಕ ಮಕ್ಕಳನ್ನು ಕಾಡಿನ ಸಫಾರಿಗೆ ಕರೆದುಕೊಂಡು ಹೋದವರಿಗೆ ಗೊತ್ತಿರುತ್ತದೆ. ಎಷ್ಟೋ ಹೊತ್ತು ಕೂತ ಮೇಲೆ ಪೊದೆಯ ಸಂದಿಯಲ್ಲಿ ಒಂದು ಜಿಂಕೆಯ ಬೆನ್ನು ಕಾಣುತ್ತದೆ. "ಎಲ್ಲಿ? ಎಲ್ಲಿ?" ಅನ್ನುವಷ್ಟರಲ್ಲಿ ಅದೂ ಮಾಯ. ದೊಡ್ಡವರಿಗೆ ಕಾಯುವುದರಲ್ಲೂ ಒಂದು ಖುಷಿ ಇದೆ. ನಾಲ್ಕು ವರ್ಷದವನಿಗೆ ಅದು ಶಿಕ್ಷೆ. ಹಕ್ಕಿಗಳು ಗುಂಪಾಗಿ ಗೂಡು ಕಟ್ಟುವ ಜಾಗದಲ್ಲಿ ಈ ತಾಪತ್ರಯವೇ ಇಲ್ಲ. ಹಕ್ಕಿ ದೊಡ್ಡದು. ಹತ್ತಿರದಲ್ಲೇ ಇರುತ್ತದೆ. ಗಲಾಟೆ ಮಾಡುತ್ತದೆ, ಜಗಳ ಆಡುತ್ತದೆ, ನಾರುತ್ತದೆ ಕೂಡ. ಮರಿಗಳಿರುವುದರಿಂದ ಬಿಟ್ಟು ಹೋಗುವ ಹಾಗಿಲ್ಲ. ಮಗು ಹತ್ತು ಸಲ "ಎಲ್ಲಿ?" ಅಂದರೂ ಹತ್ತು ಸಲವೂ ತೋರಿಸಬಹುದು. ಅದಕ್ಕೇ ನನ್ನ ಪ್ರಕಾರ ಮಕ್ಕಳ ಮೊದಲ ಕಾಡು ಹುಲಿಯ ಕಾಡಾಗಬಾರದು, ಇಂಥ ಗೂಡಿನ ಜಾಗವಾಗಬೇಕು.

ರಂಗನತಿಟ್ಟಿನಲ್ಲಿ ಮಗಳಿಗೆ ಏನು ತೋರಿಸಬೇಕು ಅಂತ ಹೇಳುತ್ತೇನೆ. ಹೆಸರು ಬಾಯಿಪಾಠ ಮಾಡಿಸಬೇಡಿ. ಕೊಕ್ಕು ನೋಡಲು ಹೇಳಿ. ಬಾಯ್ಕಳಕ ಕೊಕ್ಕರೆಯ ಕೊಕ್ಕು ಮುಚ್ಚಿದರೂ ಮಧ್ಯೆ ಸಂದಿ ಉಳಿಯುತ್ತದೆ. ಅದರ ಮುಖ್ಯ ಆಹಾರ ಬಸವನಹುಳು. ಚಿಪ್ಪಿನೊಳಗಿಂದ ಹುಳುವನ್ನು ಕೊಕ್ಕಿನ ತುದಿಯಿಂದಲೇ ಎಳೆದು ತಿನ್ನುತ್ತದೆ. ಚಮಚ ಕೊಕ್ಕಿನ ಹಕ್ಕಿ ನೀರಿನಲ್ಲಿ ಕೊಕ್ಕನ್ನು ಆಚೆ ಈಚೆ ಬೀಸುತ್ತಾ ನಡೆಯುತ್ತದೆ. ಬಣ್ಣದ ಕೊಕ್ಕರೆ ಕೊಕ್ಕನ್ನು ಅರ್ಧ ತೆರೆದು ನೀರಿನಲ್ಲಿ ಮುಳುಗಿಸಿಕೊಂಡು ನಡೆಯುತ್ತದೆ. ಮೀನು ತಗುಲಿದರೆ ಟಪ್ ಅಂತ ಮುಚ್ಚುತ್ತದೆ. ಕಣ್ಣಿಗೆ ಕಾಣಲೇಬೇಕು ಅಂತಿಲ್ಲ, ಅದಕ್ಕೆ ಕೆಸರು ನೀರಾದರೂ ನಡೆಯುತ್ತದೆ. ಹೆಜ್ಜಾರ್ಲೆಯ (ಪೆಲಿಕನ್) ಗಂಟಲ ಚೀಲದೊಳಗೆ ಮರಿ ತಲೆ ತೂರಿಸಿ ಮೀನು ತಿನ್ನುವುದನ್ನು ನೋಡಿದರೆ ಮಕ್ಕಳು "ಅಯ್ಯೋ ನುಂಗಿಬಿಡ್ತು" ಅಂತ ಕೂಗುತ್ತಾರೆ.

ಬಂಡೆಯ ಮೇಲೆ ಮೊಸಳೆ ಬಾಯಿ ತೆರೆದುಕೊಂಡು ಅಲ್ಲಾಡದೆ ಮಲಗಿರುತ್ತದೆ. "ಪ್ಲಾಸ್ಟಿಕ್ ಮೊಸಳೆ ಇಟ್ಟಿದ್ದಾರೆ" ಅನ್ನುವವರು ದೋಣಿಯಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ. ಬಿಸಿಲಿನಲ್ಲಿ ಮೈ ಕಾವು ಹೆಚ್ಚಾದಾಗ ಅದು ಬಾಯಿ ತೆರೆದು ಕಾವು ಇಳಿಸಿಕೊಳ್ಳುತ್ತದೆ ಅಷ್ಟೇ. ಅದೇ ಥರದ ಬರಿ ಬಂಡೆಗಳ ಮೇಲೆ ಹೊಳೆ ರೀವ ಅನ್ನುವ ಹಕ್ಕಿ ಮೊಟ್ಟೆ ಇಡುತ್ತದೆ, ಗೂಡು ಕಟ್ಟುವ ಗೋಜಿಗೇ ಹೋಗುವುದಿಲ್ಲ. ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟರೆ ಮೊಟ್ಟೆ ಕೊಚ್ಚಿಕೊಂಡು ಹೋಗುತ್ತದೆ.

ಮಗಳು "ಈ ದ್ವೀಪ ಹೇಗೆ ಆಯ್ತು" ಅಂತ ಕೇಳಿದರೆ ಅದಕ್ಕೂ ಉತ್ತರ ಇದೆ. 1640ರ ದಶಕದಲ್ಲಿ ಮೈಸೂರಿನ ಕಂಠೀರವ ನರಸರಾಜ ಒಡೆಯರ್ ಇಲ್ಲಿ ಕಾವೇರಿಗೆ ಅಡ್ಡಲಾಗಿ ಒಂದು ಕಟ್ಟೆ ಕಟ್ಟಿಸಿದರು. ನೀರು ನಿಂತು ತಿಟ್ಟುಗಳಾದವು, ಹಕ್ಕಿಗಳು ಬಂದವು. ಪಕ್ಷಿತಜ್ಞ ಸಲೀಂ ಅಲಿ ಬಂದು ನೋಡಿ, ಇದನ್ನು ಕಾಪಾಡಬೇಕು ಅಂತ ಅರಸರಿಗೆ ಹೇಳಿದರು. 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಕರ್ನಾಟಕದಲ್ಲಿ ಆ ಪಟ್ಟಿಗೆ ಮೊದಲು ಸೇರಿದ್ದು ಇದೇ.

ಬೈನಾಕ್ಯುಲರ್ ಕೊಳ್ಳುವ ಆಸೆ ಇದ್ದರೆ 8 ಪಟ್ಟು ದೊಡ್ಡದಾಗಿ ತೋರಿಸುವುದು ಸಾಕು. 10 ಪಟ್ಟಿನದರಲ್ಲಿ ಕೈ ಸ್ವಲ್ಪ ನಡುಗಿದರೂ ಎಲ್ಲ ಕುಣಿಯುತ್ತದೆ. ಸಣ್ಣವನಿಗೆ ಅದೂ ಬೇಡ, ಬರಿಗಣ್ಣೇ ಸಾಕು.

ಇಬ್ಬರ ಅಪ್ಪ
ಇದನ್ನು ಮಗಳಿಗೆ ಓದಿ ಹೇಳಿದೆ. "ಮೊಸಳೆ ದೋಣಿ ಹತ್ತಿರ ಬಂದರೆ?" ಅಂತ ಅಮ್ಮ ಕೇಳುತ್ತಿದ್ದಾರೆ. ದೋಣಿ ಹತ್ತಿ ಇಳಿಯುವುದು ಅಮ್ಮನಿಗೆ ಆಗುತ್ತಾ?

ಮಲ್ಲೇಶ್ವರದ ಅಜ್ಜಿ
ನಾನು ಉತ್ತರ ಹೇಳ್ತೀನಿ ಮಗಾ, ನನಗೂ ಮಂಡಿ ಕೈಕೊಟ್ಟಿದೆ.

ಗೇಟಿನಿಂದ ದೋಣಿ ಕಟ್ಟೆವರೆಗೆ ದಾರಿ ಸಮನಾಗಿದೆ, ನೆರಳಿದೆ, ಕೂರಲು ಜಾಗ ಇದೆ. ಕಷ್ಟ ಇರೋದು ದೋಣಿಗೆ ಇಳಿಯುವ ಕೆಲವು ಮೆಟ್ಟಿಲು ಮತ್ತು ಅಲ್ಲಾಡುವ ದೋಣಿಯೊಳಗೆ ಕಾಲಿಡುವ ಆ ಒಂದು ಕ್ಷಣ. ಆತುರ ಬೇಡ. ಬೇರೆಯವರೆಲ್ಲ ಹತ್ತಲಿ. ಅಮ್ಮ ಕೊನೆಗೆ ಹತ್ತಲಿ, ಇಳಿಯುವಾಗಲೂ ಕೊನೆಗೇ ಇಳಿಯಲಿ. ನೀವು ಮುಂದೆ ನಿಂತು ಕೈ ಹಿಡಿಯಿರಿ, ಹಿಂದಿನಿಂದ ತಳ್ಳಬೇಡಿ. ದೋಣಿ ನಡೆಸುವವರಿಗೆ ಮೊದಲೇ "ಅಮ್ಮನಿಗೆ ಕಾಲು ನೋವು" ಅಂದರೆ ದೋಣಿಯನ್ನು ಅದುಮಿ ಹಿಡಿದು ನಿಲ್ಲಿಸ್ತಾರೆ. ಅಂಚಿಗೆ ಬೇಡ, ನಡುವೆ ಕೂರಿಸಿ.

ಮೊಸಳೆ ಅದರ ಪಾಡಿಗೆ ಇರುತ್ತೆ. ನೀರಿಗೆ ಕೈ ಇಳಿಬಿಡಬಾರದು ಅಷ್ಟೇ. ಮಕ್ಕಳಿಗೆ ಇದನ್ನು ಮನೆಯಲ್ಲೇ ಹೇಳಿ ಕರೆದುಕೊಂಡು ಹೋಗಿ, ದೋಣಿಯಲ್ಲಿ ಕೂತ ಮೇಲೆ ಗದರಬೇಡಿ. ಲೈಫ್ ಜಾಕೆಟ್ ಅಳತೆ ದೊಡ್ಡದಾದರೂ ಕಟ್ಟಿಸಿ. ಸಣ್ಣವನು ಬೇಡ ಅಂತ ಅತ್ತರೆ ನೀವು ಮೊದಲು ಹಾಕಿಕೊಂಡು ತೋರಿಸಿ.

ಊಟದ ವಿಷಯ. ಚಿತ್ರಾನ್ನ, ಮೊಸರನ್ನ, ಉಪ್ಪಿನಕಾಯಿ ಸ್ಟೀಲ್ ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿ. ಮೊಸರನ್ನಕ್ಕೆ ಬೆಳಗ್ಗೆ ಹಾಲು ಜಾಸ್ತಿ ಹಾಕಿ ಕಲಸಿದರೆ ಮಧ್ಯಾಹ್ನಕ್ಕೆ ಹುಳಿಯಾಗಲ್ಲ. ಚಕ್ಕುಲಿ, ಕೋಡುಬಳೆ ಕೈಗೆ ಸಿಗುವ ಹಾಗಿರಲಿ. ಪಕ್ಷಿಧಾಮದ ಒಳಗೆ ಬಾಳೆಹಣ್ಣು, ಬಿಸ್ಕತ್ತಿನ ಪೊಟ್ಟಣ ಕೈಯಲ್ಲಿ ಹಿಡಿದು ಓಡಾಡಬೇಡಿ. ಕೋತಿಗಳಿವೆ. ಮೊದಲು ಕಿತ್ತುಕೊಳ್ಳೋದು ಸಣ್ಣವರ ಕೈಯಿಂದಲೇ.

ಮೈಸೂರ್ ಪಾಕ್
ಅಜ್ಜಿ ಹೇಳಿದ್ದರ ಜೊತೆಗೆ ಒಂದೆರಡು ಮಾತು. ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಹೋಗಿ. ಹನ್ನೊಂದರ ಮೇಲೆ ಭಾನುವಾರ ದೋಣಿಗೆ ಸಾಲು ಉದ್ದ, ಬಿಸಿಲೂ ಖಾರ. ಎಲ್ಲರ ಜೊತೆ ಹೋಗುವ ದೋಣಿ ಬೇರೆ, ಫೋಟೊ ತೆಗೆಯುವವರು ಪೂರ್ತಿಯಾಗಿ ಬಾಡಿಗೆಗೆ ಹಿಡಿಯುವ ದೋಣಿ ಬೇರೆ. ನಿಮಗೆ ಮೊದಲನೆಯದು ಸಾಕು. ಚಿಲ್ಲರೆ ನೋಟು ಇಟ್ಟುಕೊಂಡಿರಿ.

ಮೇಲೆ ನೋಡಲು ಮರೆಯಬೇಡಿ. ದೊಡ್ಡ ಬಾವಲಿಗಳು ಮರದ ತುಂಬಾ ನೇತಾಡುತ್ತಿರುತ್ತವೆ. ಎಷ್ಟೋ ಜನ ಅವುಗಳ ಕೆಳಗೇ ನಡೆದು ಹೋಗುತ್ತಾರೆ, ತಲೆ ಎತ್ತುವುದಿಲ್ಲ.

ಝೂ ನೋಡಲೇಬೇಕು ಅಂದರೆ ಇನ್ನೊಂದು ದಿನ ಅದೊಂದಕ್ಕೇ ಬನ್ನಿ. 1892ರಿಂದ ಇರುವ ಝೂ, ಒಳಗೆ ನೆರಳು ಚೆನ್ನಾಗಿದೆ, ವಯಸ್ಸಾದವರಿಗೆ ಬ್ಯಾಟರಿ ಗಾಡಿ ಇದೆ. ಮಂಗಳವಾರ ರಜೆ. ಪಕ್ಕದಲ್ಲೇ ಕಾರಂಜಿ ಕೆರೆ. ಅಲ್ಲಿ ನವಿಲುಗಳು ನಮ್ಮ ನಡುವೆಯೇ ಓಡಾಡುವ ದೊಡ್ಡ ಪಂಜರದ ಮನೆ ಇದೆ, ನಾವೇ ಒಳಗೆ ಹೋಗಬಹುದು. ನನ್ನ ಕೇಳಿದರೆ ಪುಟ್ಟ ಮಕ್ಕಳಿಗೆ ಝೂಗಿಂತ ಕಾರಂಜಿ ಕೆರೆಯೇ ಒಂದು ಕೈ ಮೇಲು. ಮೈಸೂರಿನವರು ಜಗಳಕ್ಕೆ ಬಂದರೆ ಬರಲಿ.

ಹೊಳೆ ದಂಡೆ
ಬಲಮುರಿ ಬಗ್ಗೆ ನಾನು ಬರೆಯುತ್ತೇನೆ. ಆ ಕಡೆಯವನೇ.

ನೋಡಲು ಅಷ್ಟು ಸಾಧು ಜಾಗ ಇನ್ನೊಂದಿಲ್ಲ. ಉದ್ದಕ್ಕೆ ಕಟ್ಟೆ, ಅದರ ಮೇಲಿಂದ ಹಾಲಿನ ಹಾಗೆ ನೀರು, ಕೆಳಗೆ ಮಂಡಿ ಮಟ್ಟ. ಜನ ಸಂಸಾರ ಸಮೇತ ಇಳಿಯುತ್ತಾರೆ. ಆದರೆ ಕಲ್ಲಿನ ಮೇಲೆ ಪಾಚಿ ಇರುತ್ತದೆ, ಕಾಲಿಟ್ಟರೆ ಜಾರುತ್ತದೆ. ನಾಲ್ಕು ಹೆಜ್ಜೆ ಆಚೆ ಇದ್ದಕ್ಕಿದ್ದಂತೆ ಗುಂಡಿ. ಮೇಲೆ ಅಣೆಕಟ್ಟೆ ಇದೆ, ಹರಿವು ಯಾವಾಗ ಬೇಕಾದರೂ ಹೆಚ್ಚಾಗಬಹುದು. ನೀರು ಏರುವುದು ಅಲ್ಲಿ ಆಡುತ್ತಿರುವವರಿಗೆ ಗೊತ್ತಾಗುವುದಿಲ್ಲ, ದಡದಲ್ಲಿ ನಿಂತವರಿಗೆ ಗೊತ್ತಾಗುತ್ತದೆ. ಮುತ್ತತ್ತಿ, ಸಂಗಮದ ಕಥೆಯೂ ಇದೇ. ಅಲ್ಲಿ ಸುಳಿಗಳೂ ಇವೆ. ಈಜು ಬರುವ ಹುಡುಗರೇ ಮುಳುಗಿದ್ದಾರೆ. ಹೊಳೆ ಈಜುಕೊಳ ಅಲ್ಲ, ಅಲ್ಲಿ ಮೈಯನ್ನು ಎಳೆಯುವುದು ನೀರಿನ ಆಳ ಅಲ್ಲ, ಹರಿವು.

ಮಕ್ಕಳಿಗೆ ನೀರು ಬೇಕೇ ಬೇಕು ಅಂದರೆ ದಡದಲ್ಲಿ ಕೂತು ಕಾಲು ಅದ್ದಿಸಿ. ಕೈ ಹಿಡಿದುಕೊಂಡೇ. ಫೋಟೊ ತೆಗೆಯುವವರು ಬೇರೆ, ಮಗು ಹಿಡಿದುಕೊಳ್ಳುವವರು ಬೇರೆ ಇರಲಿ. ಎರಡನ್ನೂ ಒಬ್ಬರೇ ಮಾಡಲು ಹೋಗಬೇಡಿ.

ವೀಕೆಂಡ್ ಸವಾರ
ಬಲಮುರಿ ವಿಷಯದಲ್ಲಿ ನನ್ನ ತಕರಾರಿಲ್ಲ. ನಾನು ಬೈಕಿನಲ್ಲಿ ಹೋಗುವವನು, ಅದಕ್ಕೆ ಐದು ಜಾಗ ಸಲೀಸು ಅನ್ನಿಸುತ್ತೆ. ಅಂದಹಾಗೆ ಬೈಕಿನವರು ಗಮನಿಸಿ, 2023ರ ಆಗಸ್ಟ್‌ನಿಂದ ಮೈಸೂರು ಎಕ್ಸ್‌ಪ್ರೆಸ್ ರಸ್ತೆಯ ಒಳಗಿನ ಪಥದಲ್ಲಿ ದ್ವಿಚಕ್ರ, ಆಟೊ, ಟ್ರ್ಯಾಕ್ಟರ್ ಬಿಡುವುದಿಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ನನಗೇನೂ ಬೇಜಾರಿಲ್ಲ, ತಟ್ಟೆ ಇಡ್ಲಿ ಸಿಗೋದು ಅಲ್ಲೇ.

ಮಂಡ್ಯದೋಳು
ಕಾರಿನವರಿಗೂ ಅದೇ ತೊಂದರೆ. ಒಳಗಿನ ರಸ್ತೆ ಹತ್ತಿದರೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು ಎಲ್ಲ ಪಕ್ಕಕ್ಕೆ ಉಳಿಯುತ್ತವೆ. ಮಗುವಿಗೆ ಅರ್ಜೆಂಟು ಅಂದರೆ ನಿಲ್ಲಿಸಲು ಜಾಗ ಕಡಿಮೆ. ಹೊರಡುವ ಮುಂಚೆ ಎಲ್ಲರನ್ನೂ ಬಚ್ಚಲಿಗೆ ಕಳಿಸಿ, "ನನಗೆ ಬಂದಿಲ್ಲ" ಅನ್ನುವವರನ್ನೂ.

ಈಗ ಕೊಕ್ಕರೆ ಬೆಳ್ಳೂರು. ಬೆಂಗಳೂರಿನಿಂದ ಸುಮಾರು 80 ಕಿ.ಮೀ. ಚನ್ನಪಟ್ಟಣ ದಾಟಿದ ಮೇಲೆ ಸರ್ವಿಸ್ ರಸ್ತೆಗೆ ಇಳಿದು, ರುದ್ರಾಕ್ಷಿಪುರದ ಹತ್ತಿರ ಎಡಕ್ಕೆ ತಿರುಗಿ. ಅಲ್ಲಿಂದ ಹತ್ತು ಹನ್ನೆರಡು ಕಿ.ಮೀ. ಹಳ್ಳಿ ರಸ್ತೆ. ತಿರುವು ತಪ್ಪಿದರೆ ಮದ್ದೂರಿನವರೆಗೆ ಹೋಗಿ ಬರಬೇಕು.

ಇದು ಪಕ್ಷಿಧಾಮ ಅಲ್ಲ, ಊರು. ಗೇಟಿಲ್ಲ. ಮನೆ ಪಕ್ಕದ ಹುಣಸೆ ಮರ, ಆಲದ ಮರಗಳ ಮೇಲೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳ ಗೂಡು. ಕೆಳಗೆ ಹೆಂಗಸರು ಪಾತ್ರೆ ತೊಳೆಯುತ್ತಿರುತ್ತಾರೆ, ಎಮ್ಮೆ ಕಟ್ಟಿರುತ್ತದೆ. ನಿಮ್ಮಮ್ಮ ಒಂದು ಜಗುಲಿ ಮೇಲೆ ಕೂತರೂ ಸಾಕು, ಎಲ್ಲ ಕಾಣುತ್ತದೆ. ಮೆಟ್ಟಿಲಿಲ್ಲ, ದೋಣಿಯಿಲ್ಲ. ಅದಕ್ಕೇ ಮಂಡಿ ನೋವಿನವರಿಗೆ ನಾನು ಮೊದಲು ಹೇಳುವುದು ಬೆಳ್ಳೂರನ್ನೇ.

ನಮ್ಮ ಕಡೆ ಈ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಮಗಳ ಹಾಗೆ ನೋಡುತ್ತಾರೆ. ಸುಮ್ನೆ ಬಾಯಿಮಾತಲ್ಲ. ಹಿಕ್ಕೆ ಬಿದ್ದ ಮರದ ಹುಣಸೆಹಣ್ಣು ಮಾರಾಟಕ್ಕೆ ಆಗುವುದಿಲ್ಲ. ಆದರೂ ಮರ ಕಡಿಯದೆ ಉಳಿಸಿಕೊಂಡಿದ್ದಾರೆ. ಅರಣ್ಯ ಇಲಾಖೆ ಮರದ ಲೆಕ್ಕದಲ್ಲಿ ಪರಿಹಾರ ಕೊಡುತ್ತದೆ. ಹಿಕ್ಕೆ ಗದ್ದೆಗೆ ಗೊಬ್ಬರವಾಗುತ್ತದೆ. 1990ರ ದಶಕದಿಂದ ಹೆಜ್ಜಾರ್ಲೆ ಬಳಗ ಅಂತ ಊರಿನವರದೇ ಗುಂಪಿದೆ. ಗೂಡಿನಿಂದ ಬಿದ್ದ ಮರಿಗಳಿಗೆ ಮೀನು ತಿನ್ನಿಸಿ ಸಾಕಿ ಬಿಟ್ಟಿದ್ದಾರೆ. 2007ರಲ್ಲಿ ಇದನ್ನು ಸಮುದಾಯ ಮೀಸಲು ಪ್ರದೇಶ ಅಂತ ಸರ್ಕಾರ ಘೋಷಿಸಿತು.

ಹಕ್ಕಿ ಹುಚ್ಚ
ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬೆಳ್ಳೂರಿನ ಗೂಡುಗಳ ಹತ್ತಿರ ಗಲಾಟೆ ಮಾಡಬೇಡಿ ಅನ್ನುವುದು ಬರೀ ಶಿಸ್ತಿನ ಮಾತಲ್ಲ. ತಾಯಿ ಹಕ್ಕಿ ಬೆದರಿ ಎದ್ದರೆ ಕಾಗೆ, ಹದ್ದು ಕಾದುಕೊಂಡೇ ಇರುತ್ತವೆ, ಮೊಟ್ಟೆ ಹೋಯಿತು. ಇನ್ನೊಂದು, ಫೆಬ್ರವರಿ, ಮಾರ್ಚ್ ಬಿಸಿಲಿನಲ್ಲಿ ಪುಕ್ಕ ಬಾರದ ಮರಿಗೆ ತಾಯಿ ರೆಕ್ಕೆ ಅಗಲಿಸಿ ನೆರಳು ಮಾಡಿಕೊಂಡು ನಿಂತಿರುತ್ತದೆ. ಅದು ಎದ್ದು ಹೋದರೆ ಮರಿ ಬಿಸಿಲಿಗೆ ಬೇಯುತ್ತದೆ. ಹಾಗಾಗಿ ಡ್ರೋನ್ ಬೇಡ, ಹಾರ್ನ್ ಬೇಡ. ಕಾರಿನಲ್ಲಿ ಜೋರಾಗಿ ಹಾಡು ಹಾಕಿಕೊಂಡು ಬರುವ ತಂಡಗಳನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಮಂಡ್ಯದೋಳು
ಮತ್ತೆ ಯಾರದಾದರೂ ಅಂಗಳ ಅಂದರೆ ಅವರ ಮನೆ ಅಂತ ನೆನಪಿರಲಿ. ಬಟ್ಟೆ ಒಗೆಯುವವರ ಫೋಟೊ ಕೇಳದೆ ತೆಗೆಯಬೇಡಿ. ಎಳನೀರು, ಟೀ ಏನಾದರೂ ಊರಿನಲ್ಲೇ ಕೊಂಡು ಕುಡಿಯಿರಿ. ಹಕ್ಕಿ ಕಾಯುವುದು ಅವರು, ದುಡ್ಡು ಹೆದ್ದಾರಿ ಹೋಟೆಲಿಗೆ ಹೋದರೆ ಏನು ಬಂತು?

ಮೂಲೆಮನೆ
ನಮ್ಮ ಹತ್ತಿರ ಕಾರಿಲ್ಲ. ಅರ್ಧ ದಿನ ಮಾತ್ರ ಬಿಡುವು. ನಮ್ಮಂಥವರಿಗೆ ಏನಿದೆ?

ಮಲ್ಲೇಶ್ವರದ ಅಜ್ಜಿ
ಲಾಲ್‌ಬಾಗ್ ಇದೆಯಲ್ಲ ಕಂದಾ. ಹೂವಿನ ಪ್ರದರ್ಶನದ ದಿನ ಬಿಟ್ಟು ಹೋಗು. ಆಗಸ್ಟ್ 15, ಜನವರಿ 26ರ ಹತ್ತಿರ ಕಾಲಿಡಲು ಜಾಗ ಇರಲ್ಲ. ಬೆಳಗ್ಗೆ ಕೆರೆ ಸುತ್ತ ಹೋದರೆ ನೀರುಕಾಗೆ ರೆಕ್ಕೆ ಒಣಗಿಸಿಕೊಳ್ಳುವುದು, ಮಿಂಚುಳ್ಳಿ, ಬೂರುಗದ ದೊಡ್ಡ ದೊಡ್ಡ ಬೇರು ಎಲ್ಲ ಸಿಗುತ್ತೆ. ಕೆಂಪೇಗೌಡರ ಗೋಪುರ ಇರೋ ಬಂಡೆ 300 ಕೋಟಿ ವರ್ಷದ್ದು. ಮೊಮ್ಮಗನಿಗೆ ಹೇಳಿದರೆ "ಅಜ್ಜಿ, ನಿನಗಿಂತ ಹಳೇದಾ?" ಅಂದ.

ಕಬ್ಬನ್ ಪಾರ್ಕ್ ಭಾನುವಾರ ಒಳಗೆ ಗಾಡಿ ಬಿಡಲ್ಲ, ಮಕ್ಕಳು ರಸ್ತೆ ಮೇಲೇ ಓಡಬಹುದು. ಮೆಟ್ರೋ ನಿಲ್ದಾಣ ಪಕ್ಕದಲ್ಲೇ.

ಇಡೀ ದಿನ ಇದ್ದರೆ ರೈಲಿನಲ್ಲೂ ರಂಗನತಿಟ್ಟಿಗೆ ಹೋಗಬಹುದು. ಮೈಸೂರಿಗೆ ಹೋಗುವ ಕೆಲವು ರೈಲು ಶ್ರೀರಂಗಪಟ್ಟಣದಲ್ಲಿ ನಿಲ್ಲುತ್ತವೆ. ಅಲ್ಲಿಂದ ಆಟೊ. ವಾಪಸ್ ಬರಲು ಅದೇ ಆಟೊದವರನ್ನು ಮಾತಾಡಿಕೊಂಡಿರು.

ತುಮಕೂರು ಬಯಲು
ಹಕ್ಕಿಯೇ ಯಾಕೆ? ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶ ಇದೆ. ಹುಲ್ಲುಗಾವಲು. ಕೃಷ್ಣಮೃಗಗಳು ಗುಂಪಾಗಿ ನೆಗೆಯುತ್ತಾ ಓಡುವುದನ್ನು ಒಮ್ಮೆ ನೋಡಬೇಕು. ಜನ ಕಡಿಮೆ. ಆದರೆ ನೆರಳು ಅನ್ನುವುದು ಇಲ್ಲ. ಅಂಗಡಿಯೂ ಇಲ್ಲ. ಬೆಳಗ್ಗೆ ಬೇಗ ಹೋಗಿ ಒಂಬತ್ತಕ್ಕೆಲ್ಲ ಹೊರಡಬೇಕು. ನಾಲ್ಕು ವರ್ಷದವನಿಗೆ ಇನ್ನೂ ಬೇಗ ಆಯ್ತು ಅನ್ನಿಸುತ್ತೆ, ಮಗಳು ಒಬ್ಬಳನ್ನೇ ಕರೆದುಕೊಂಡು ಹೋಗುವಾಗ ನೆನಪಿಟ್ಟುಕೊಳ್ಳಿ.

ಗದಗ ಮಂದಿ
ಬೆಂಗಳೂರು, ಮೈಸೂರು ಬಿಟ್ಟರೆ ಕರ್ನಾಟಕ ಇಲ್ವೇನ್ರೀ? ನಮ್ಮ ಕಡೆಯದೂ ಕೇಳಿ.

ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ. ಗದಗದಿಂದ ಲಕ್ಷ್ಮೇಶ್ವರದ ಕಡೆ ಹೋಗುವಾಗ ಸಿಗುತ್ತದೆ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದು ಇಳಿಯುತ್ತವೆ. ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಮಕ್ಕಳೂ ಗುರುತು ಹಿಡಿಯುತ್ತಾರೆ. ಹೊಲಗಳಲ್ಲಿ ಮೇದು ಕೆರೆಗೆ ವಾಪಸ್ ಬರುವಾಗ ಸಾಲು ಸಾಲಾಗಿ ಕೂಗುತ್ತಾ ಬರುತ್ತವೆ. ದಡದಲ್ಲಿ ನಿಂತರೆ ಸಾಕು, ದೋಣಿ ಬೇಡ, ಟ್ರೆಕ್ಕಿಂಗ್ ಬೇಡ. ಮಾರ್ಚ್ ಬಂತೆಂದರೆ ಹೊರಟು ಹೋಗುತ್ತವೆ. 2024ರ ಆರಂಭದಲ್ಲಿ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಉತ್ತರ ಕನ್ನಡದ ಅಘನಾಶಿನಿ ಅಳಿವೆ, ಮೂರೂ ಒಟ್ಟಿಗೆ ರಾಮ್ಸಾರ್ ಪಟ್ಟಿಗೆ ಸೇರಿದವು. ರಂಗನತಿಟ್ಟಿಗೆ ಇರುವ ಮರ್ಯಾದೆ ಇವಕ್ಕೂ ಇದೆ. ಜನ ಮಾತ್ರ ಅಲ್ಲಿಗೇ ಹೋಗುತ್ತಾರೆ.

ಹಂಪಿಗೆ ಬರುವವರು ದರೋಜಿ ಕರಡಿಧಾಮ ಬಿಡಬೇಡಿ. ಮಧ್ಯಾಹ್ನದ ಮೇಲೆ ವೀಕ್ಷಣಾ ಗೋಪುರದಲ್ಲಿ ಕೂತರೆ ಎದುರಿನ ಗುಡ್ಡದ ಬಂಡೆಗಳಿಂದ ಕರಡಿಗಳು ಇಳಿದು ಬರುತ್ತವೆ. ಬಂಡೆಗೆ ಸಿಹಿ ಬಳಿದಿರುತ್ತಾರೆ, ನೆಕ್ಕಲು ಬರುತ್ತವೆ. ದೂರ ಇರುತ್ತದೆ, ಇಲ್ಲಿ ಬೈನಾಕ್ಯುಲರ್ ಬೇಕೇ ಬೇಕು.

ಹಕ್ಕಿ ಹುಚ್ಚ
ಮಾಗಡಿ ಕೆರೆ ನೆನಪಿಸಿದ್ದಕ್ಕೆ ಧನ್ಯವಾದ. ದರೋಜಿಯಲ್ಲಿ ಸಿಹಿ ಬಳಿದು ಕರೆಯುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ, ಕಾಡುಪ್ರಾಣಿಗೆ ತಿನ್ನಲು ಕೊಟ್ಟು ತೋರಿಸುವುದು ಯಾಕೆ ಅಂತ. ಆದರೆ ಕರಡಿಯನ್ನು ಬೋನಿನ ಹೊರಗೆ ಮಕ್ಕಳಿಗೆ ತೋರಿಸಲು ಇಷ್ಟು ಸುಲಭದ ಜಾಗ ಬೇರೆ ಇಲ್ಲ, ಅದೂ ನಿಜ.

ಗದಗ ಮಂದಿ
ನಿಮ್ಮ ಮಾತು ಒಪ್ಪುತ್ತೇನೆ, ಆದರೂ ಹೋಗಿ ಬನ್ನಿ 😀

ಇಬ್ಬರ ಅಪ್ಪ
ಹೋಗಿ ಬಂದೆವು. ಕೇಳಿದವರಿಗಾಗಿ ಬರೆಯುತ್ತಿದ್ದೇನೆ.

ಬೆಳಗ್ಗೆ ಐದೂವರೆಗೆ ಹೊರಟು ಏಳೂಕಾಲಿಗೆ ಬೆಳ್ಳೂರು. ಹೆಂಡತಿಯೂ ಬಂದಳು, ಪಟ್ಟಿ ಎರಡಕ್ಕೆ ಇಳಿದಿದೆ ಅಂತ ಗೊತ್ತಾದ ಮೇಲೆ. ಅಮ್ಮ ಒಂದು ಮನೆಯ ಜಗುಲಿ ಮೇಲೆ ಕೂತವರು ಏಳಲೇ ಇಲ್ಲ. ಮನೆಯವರ ಜೊತೆ ಹುಣಸೆಹಣ್ಣಿನ ರೇಟು, ಸೊಸೆಯ ಬಾಣಂತನ, ಯಾವ ಊರು ಯಾರ ಕಡೆಯವರು ಎಲ್ಲ ಮಾತಾಡಿ ಮುಗಿಸಿದರು. ಮಗನಿಗೆ ಹೆಜ್ಜಾರ್ಲೆ ಹಿಕ್ಕೆ ಹಾಕಿದ್ದೇ ದೊಡ್ಡ ವಿಷಯ. ಯಾರ ತಲೆ ಮೇಲೆ ಬೀಳುತ್ತೆ ಅಂತ ಕಾದು ನಿಂತಿದ್ದ. ನನ್ನ ಮೇಲೆ ಬಿತ್ತು. ಟೋಪಿ ಇತ್ತು, ಬಚಾವ್.

ಮದ್ದೂರಿನಲ್ಲಿ ವಡೆ ತಿಂದು ರಂಗನತಿಟ್ಟು ತಲುಪುವಾಗ ಹತ್ತೂವರೆ. ಸಾಲು ಇತ್ತು, ಆದರೆ ಅಜ್ಜಿ ಹೇಳಿದ ಹಾಗೆ ಅಮ್ಮನನ್ನು ಕೊನೆಗೆ ಹತ್ತಿಸಿದೆವು. ದೋಣಿಯವರು ತುಂಬಾ ಸಹಾಯ ಮಾಡಿದರು. ಮಗಳು ಕೊಕ್ಕುಗಳ ಚಿತ್ರ ಬರೆದುಕೊಂಡಳು. ಬಾಯ್ಕಳಕದ ಸಂದಿ ಕಂಡಿತು ಅಂತ ದೋಣಿಯಲ್ಲೇ ಕೂಗಿದಳು. ಹೌದು, "ಪ್ಲಾಸ್ಟಿಕ್ ಮೊಸಳೆ" ಅನ್ನುವವರೂ ಒಬ್ಬರಿದ್ದರು. ಮಗ ನಿದ್ದೆ ಹೋಗಿದ್ದ. ಊಟ ಶ್ರೀರಂಗಪಟ್ಟಣದ ಹತ್ತಿರ ಒಂದು ಮರದ ಕೆಳಗೆ. ಐದು ಗಂಟೆಗೆ ಮನೆ.

ಮಗಳಿಗೆ ರಂಗನತಿಟ್ಟು ಜಾಸ್ತಿ ಇಷ್ಟ, ಅಮ್ಮನಿಗೆ ಬೆಳ್ಳೂರು. ಇನ್ನೂ ಅದೇ ವಾದ ನಡೆಯುತ್ತಿದೆ.

ವೀಕೆಂಡ್ ಸವಾರ
ಎರಡು ಜಾಗ ಆಯ್ತಲ್ಲ. ನನ್ನ ಮಾತೂ ಅರ್ಧ ನಡೆಯಿತು ಅಂದುಕೊಳ್ಳುತ್ತೇನೆ.

ಮರಳುಗಾಡು ಕನ್ನಡಿಗ
ನಾವು ದುಬೈನಲ್ಲಿದ್ದೇವೆ. ಊರಿಗೆ ಬರುವುದು ಜುಲೈ, ಆಗಸ್ಟ್‌ನಲ್ಲಿ ಮಾತ್ರ, ಆಗಲೇ ಮಕ್ಕಳಿಗೆ ರಜೆ. ಆಗ ರಂಗನತಿಟ್ಟಿಗೆ ಹೋಗಬಹುದಾ? ಹೆಂಡತಿಯ ತವರು ಶಿವಮೊಗ್ಗ.

ಹಕ್ಕಿ ಹುಚ್ಚ
ಆ ತಿಂಗಳುಗಳಲ್ಲಿ ಕೆಆರ್‌ಎಸ್ ತುಂಬಿ ನೀರು ಬಿಟ್ಟರೆ ರಂಗನತಿಟ್ಟಿನ ತಿಟ್ಟುಗಳೇ ಮುಳುಗುತ್ತವೆ, ದೋಣಿ ನಿಲ್ಲಿಸುತ್ತಾರೆ. ಹೊರಡುವ ಹಿಂದಿನ ದಿನ ವಿಚಾರಿಸದೆ ಹೋಗಬೇಡಿ.

ಆದರೆ ಶಿವಮೊಗ್ಗ ಅಂದರೆ ನಿಮಗೆ ಚಿಂತೆಯೇ ಇಲ್ಲ. ಅಲ್ಲಿಯ ಹಕ್ಕಿಗಳು ಗೂಡು ಕಟ್ಟುವುದೇ ಮಳೆಗಾಲದಲ್ಲಿ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿ.ಮೀ. ಹೋದರೆ ಮಂಡಗದ್ದೆ. ತುಂಗಾ ನದಿಯ ನಡುಗಡ್ಡೆಯ ಮರಗಳ ತುಂಬಾ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳ ಗೂಡು. ರಸ್ತೆ ಬದಿಯಿಂದಲೇ ಕಾಣುತ್ತದೆ. ಸೊರಬ ತಾಲ್ಲೂಕಿನ ಗುಡವಿ ಇನ್ನೂ ದೊಡ್ಡದು. ಅಲ್ಲಿ ಬಿಳಿ ಕೆಂಬರಲುಗಳು (ಐಬಿಸ್) ಜಾಸ್ತಿ.

ಮಲೆನಾಡ ಸೊಸೆ
ಮಂಡಗದ್ದೆಗೆ ಹೋಗುವ ದಾರಿಯಲ್ಲೇ ಸಕ್ರೆಬೈಲು ಆನೆ ಬಿಡಾರ ಸಿಗುತ್ತದೆ. ಮೊದಲು ಅಲ್ಲಿಗೆ ಹೋಗಿ. ಆನೆಗಳ ಸ್ನಾನ ಬೆಳಗ್ಗೆಯೇ, ತಡ ಮಾಡಿದರೆ ಅವು ಕಾಡಿಗೆ ಹೋಗಿರುತ್ತವೆ. ಹೊಳೆ ತುಂಬಿದ್ದರೆ ಸ್ನಾನ ಇರುತ್ತದೋ ಇಲ್ಲವೋ ಕೇಳಿಕೊಳ್ಳಿ. ಆಮೇಲೆ ಮಂಡಗದ್ದೆ ನೋಡಿ, ಮಧ್ಯಾಹ್ನದ ಊಟಕ್ಕೆ ತವರುಮನೆಗೇ ವಾಪಸ್.

ಛತ್ರಿ ಬೇಡ, ರೇನ್‌ಕೋಟ್ ಹಾಕಿ. ಕೈ ಎರಡೂ ಖಾಲಿ ಇದ್ದರೆ ಮಕ್ಕಳನ್ನು ಹಿಡಿದುಕೊಳ್ಳಬಹುದು. ಗುಡವಿಯಲ್ಲಿ ಹುಲ್ಲಿನ ಮೇಲೆ ನಡೆದರೆ ಇಂಬಳ (ರಕ್ತ ಹೀರುವ ಜಿಗಣೆ) ಹತ್ತುತ್ತವೆ. ದುಬೈ ಮಕ್ಕಳು ನೋಡಿ ಹೆದರಬಹುದು, ಹೊರಡುವ ಮೊದಲೇ ಹೇಳಿಬಿಡಿ. ಉಪ್ಪನ್ನು ಒಂದು ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗಿ, ಇಂಬಳದ ಮೇಲೆ ಒತ್ತಿದರೆ ಬಿದ್ದುಹೋಗುತ್ತದೆ. ಉದ್ದನೆ ಸಾಕ್ಸ್ ಹಾಕಿ, ಪ್ಯಾಂಟನ್ನು ಅದರೊಳಗೆ ಸೇರಿಸಿಬಿಡಿ.

ಮರಳುಗಾಡು ಕನ್ನಡಿಗ
ಇಂಬಳದ ಸುದ್ದಿ ಕೇಳಿದ ಕೂಡಲೇ ದೊಡ್ಡ ಮಗ ಬರಲ್ಲ ಅಂದ, ಚಿಕ್ಕವನು ಒಂದನ್ನು ಹಿಡಿದು ತರ್ತೀನಿ ಅಂತಿದ್ದಾನೆ. ಟಿಕೆಟ್ ಬುಕ್ ಆಗಿದೆ, ಎಲ್ಲರೂ ಬರುತ್ತೇವೆ.